ಕಿವಿಯಿಲ್ಲದ ಕೊಳವೆ

ಒಂದು ಕಾಡಿನಲ್ಲಿ ಪ್ರಾಣಿಗಳೆಲ್ಲ ಬೇಸಾಯ ಮಾಡಿಕೊಂಡಿದ್ದವು. ಕಾಡಿನ ನಡುವೆ ಒಂದು ಗುಡ್ಡವಿತ್ತು. ಗುಡ್ಡದ ನೆತ್ತಿಯ ಮೇಲೆ ದೊಡ್ಡದೊಂದು ಬಂಡೆ. ಬಂಡೆಯ ಕೆಳಗಿನ ಇಳಿಜಾರಿನಲ್ಲಿ ಮೊಲಗಳ ಹೊಲ. ಅಲ್ಲಿ ಕೆಂಪು ಗರಸು ಮಣ್ಣು, ಮಳೆ ನಿಂತರೆ ಸಾಕು ನೀರು ಇಳಿದುಹೋಗುತ್ತಿತ್ತು. ಗುಡ್ಡದ ಬುಡದಲ್ಲಿ, ಹಳ್ಳದ ಪಕ್ಕದಲ್ಲಿ, ಹಂದಿಗಳ ಹೊಲ ಮತ್ತು ಆಮೆಗಳ ಹೊಲ. ಅಲ್ಲಿ ಕಪ್ಪು ಮಣ್ಣು, ಮಳೆ ನಿಂತು ಎಷ್ಟೋ ದಿನವಾದರೂ ಕಾಲಿಗೆ ಅಂಟುತ್ತಿತ್ತು.

ಈ ಹೊಲಗಳಿಗೆಲ್ಲ ಬುದ್ಧಿ ಹೇಳುತ್ತಿದ್ದವನು ಭರಮಜ್ಜ ಎಂಬ ಮುದಿ ಆಮೆ. ಅವನದೊಂದು ರೂಢಿಯಿತ್ತು. ಯಾರ ಹೊಲಕ್ಕೆ ಹೋದರೂ ಮೊದಲು ಬದುವಿನ ಮೇಲೆ ಕೂರುತ್ತಿದ್ದ. ಕೂತು, "ಹೊಲ ಹೇಗಿದೆ? ಮೊದಲು ನೀನು ಹೇಳು" ಅನ್ನುತ್ತಿದ್ದ. ಅವರು ಹೇಳಿ ಮುಗಿಸುವ ತನಕ ತಾನು ಬಾಯಿ ತೆರೆಯುತ್ತಿರಲಿಲ್ಲ. ಆಮೇಲೆ ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಕೆಳಗೆ ಬಿಡುತ್ತಿದ್ದ. ಉಂಡೆ ಹಾಗೆಯೇ ಕೂತರೆ, "ಇನ್ನೂ ಹಸಿ ಇದೆ, ಕಾಯು" ಅನ್ನುತ್ತಿದ್ದ. ಒಡೆದು ಚದುರಿದರೆ, "ಇನ್ನು ಬಿತ್ತು" ಅನ್ನುತ್ತಿದ್ದ.

ಅವನಿಗಿದ್ದ ಕೊರತೆ ಒಂದೇ. ಅವನು ಆಮೆ. ಒಂದು ವರ್ಷ ಹಂದಿ ದುಗ್ಗಪ್ಪನ ಹೊಲಕ್ಕೆ ಕಂಬಳಿಹುಳ ಬಿತ್ತು. ಮೊಲಗಳ ಹೊಲದಲ್ಲಿದ್ದ ಭರಮಜ್ಜ ಸುದ್ದಿ ಕೇಳಿದವನೇ ಇಳಿಯತೊಡಗಿದ. ಎಲ್ಲೂ ನಿಲ್ಲದೆ ಇಳಿದ. ಆದರೂ ಅವನು ಬಂದು ಮುಟ್ಟುವ ಹೊತ್ತಿಗೆ ಗಿಡಗಳಲ್ಲಿ ದಂಟು ಮಾತ್ರ ಉಳಿದಿತ್ತು. "ತಡವಾಯಿತು ದುಗ್ಗಪ್ಪ" ಎಂದು ಬದುವಿನ ಮೇಲೆ ಕುಸಿದು ಕೂತ. ಅವತ್ತು ಅವನು ಊಟ ಮಾಡಲಿಲ್ಲ. ಅದನ್ನು ಅವನ ಹೆಂಡತಿ ಸಿದ್ದವ್ವ ಮರೆತಿರಲಿಲ್ಲ.

ಒಂದು ಬೇಸಿಗೆಯ ಕೊನೆಯಲ್ಲಿ ಭರಮಜ್ಜ ಮೇಲಿನ ಹೊಲಗಳನ್ನು ನೋಡಿ ಬರುತ್ತೇನೆಂದು ಹೋದ. ದಣಿವಾಯಿತೋ ಏನೋ, ಬಂಡೆಯ ನೆರಳಿನಲ್ಲಿ ಕೂತ. ಕೂತವನು ಏಳಲಿಲ್ಲ. ಸುದ್ದಿ ಕೇಳಿ ಸಿದ್ದವ್ವ ಹೊರಟಳು. ಅವಳೂ ಆಮೆಯೇ. ಅವಳು ಹೋಗುವಷ್ಟರಲ್ಲಿ ಮೊಲಗಳು ಅವನನ್ನು ಮಣ್ಣು ಮಾಡಿ ಮೇಲೆ ಕಲ್ಲಿಟ್ಟಿದ್ದವು.

ಮನೆಯಲ್ಲಿ ಭರಮಜ್ಜ ಒಂದು ಗಡಿಗೆ ಶೇಂಗಾ ಬೀಜ ಬಿಟ್ಟುಹೋಗಿದ್ದ. ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ನೋಡಿ, ಗಟ್ಟಿಯಾದದ್ದನ್ನು ಮಾತ್ರ ಆರಿಸಿಟ್ಟ ಬೀಜ. ಕೆಳಗಿನ ಕಪ್ಪು ಮಣ್ಣಿಗೆ ಒಗ್ಗುವ ತಳಿ ಅದೊಂದೇ. ದುಗ್ಗಪ್ಪನೂ ವರ್ಷ ವರ್ಷ ಅದೇ ಗಡಿಗೆಯಿಂದ ಬೀಜ ಒಯ್ಯುತ್ತಿದ್ದ. ಆ ಗಡಿಗೆ ಬರಿದಾದರೆ ಆ ತಳಿ ಮತ್ತೆ ಆ ಕಾಡಿನಲ್ಲಿ ಹುಟ್ಟುವ ಹಾಗಿರಲಿಲ್ಲ. ಸಿದ್ದವ್ವ ಅದರ ಬಾಯಿಗೆ ಮುತ್ತುಗದ ಎಲೆ ಕಟ್ಟಿ ಒಳಗಿಟ್ಟಳು. ಹೊಲದ ಬದುವಿನಲ್ಲಿ ಗಂಡ ಕೂರುತ್ತಿದ್ದ ಜಾಗದಲ್ಲಿ ಹುಲ್ಲು ಬೆಳೆಯತೊಡಗಿತು. ಅವಳು ಅದನ್ನು ಕೀಳಲಿಲ್ಲ. ಅಲ್ಲಿ ಕೂರಲೂ ಇಲ್ಲ.

ಬಂಡೆಯ ಹಿಂದೆ ನರಿ ಕೆಂಚಣ್ಣನ ಗವಿಯಿತ್ತು. ಮಳೆಗಾಲಕ್ಕೆ ಮುಂಚೆ ಅವನು ಪ್ರಾಣಿಗಳನ್ನೆಲ್ಲ ಬಂಡೆಯ ಬಳಿ ಕರೆದ.

"ನೋಡಿ, ಇನ್ನು ಮೇಲೆ ಯಾರೂ ನಡೆಯಬೇಕಾಗಿಲ್ಲ, ಯಾರಿಗೂ ಕಾಯಬೇಕಾಗಿಲ್ಲ" ಎಂದ. "ಬಿದಿರಿನ ಗಿಣ್ಣು ಕೊರೆದು, ಒಂದಕ್ಕೊಂದು ಜೋಡಿಸಿ, ಜೇನುಮೇಣ ಮೆತ್ತಿ ಕೊಳವೆ ಮಾಡೋಣ. ಕೊಳವೆಯ ಬಾಯಿ ಇಲ್ಲಿ, ಬಂಡೆಯ ಹತ್ತಿರ. ಕೆಳಗೆ ಹೋಗ್ತಾ ಅದು ಕವಲೊಡೆದು ಪ್ರತಿ ಹೊಲಕ್ಕೂ ಹೋಗುತ್ತೆ. ತುದಿಯಲ್ಲಿ ಒಂದೊಂದು ಸೋರೆಬುರುಡೆ. ಇಲ್ಲಿ ನಾನು ಪಿಸುಗುಟ್ಟಿದರೆ ಅಲ್ಲಿ ಬುರುಡೆ ಕೂಗಿ ಹೇಳುತ್ತೆ. ಯಾವಾಗ ಬಿತ್ತಬೇಕು, ಯಾವಾಗ ಕಳೆ ತೆಗೀಬೇಕು, ಎಲ್ಲ ಮನೆ ಬಾಗಿಲಿಗೇ!"

ಮೊಲ ತಿಮ್ಮಕ್ಕನಿಗೆ ಬಾಯಿ ಜೋರು. "ನಿನಗೆ ಬೇಸಾಯ ಯಾವಾಗ ಬಂತು ಕೆಂಚಣ್ಣ? ನಮ್ಮ ಹೊಲಕ್ಕೆ ನೀನು ಬಂದದ್ದೆಲ್ಲ ಕಾಯಿ ಕೀಳೋಕೆ ಅಲ್ವಾ?"

ಎಲ್ಲರೂ ನಕ್ಕರು. ಕೆಂಚಣ್ಣ ನಗಲಿಲ್ಲ. ಬಾಲದ ತುದಿಯಿಂದ ಕಣ್ಣೊರೆಸಿಕೊಂಡ.

"ನಗು ತಾಯಿ, ನಗು. ಭರಮಜ್ಜನ ಕೊನೇ ಗಳಿಗೆಯಲ್ಲಿ ಪಕ್ಕದಲ್ಲಿ ಇದ್ದವನು ನಾನೊಬ್ಬನೇ. ತನಗೆ ಗೊತ್ತಿದ್ದದ್ದನ್ನೆಲ್ಲ ನನಗೆ ಹೇಳಿಕೊಟ್ಟೇ ಕಣ್ಣು ಮುಚ್ಚಿದ."

ನಗು ನಿಂತಿತು. ಹಿಂದೆ ಕೂತಿದ್ದ ಸಿದ್ದವ್ವ ಕತ್ತು ಹೊರಗೆ ಚಾಚಿದಳು. ಗಂಡ ಹೋದಮೇಲೆ ಅವಳು ಗುಂಪಿನಲ್ಲಿ ಮಾತಾಡಿದ್ದು ಅದೇ ಮೊದಲು.

"ನೀನು ಅವರ ಪಕ್ಕ ಇದ್ದೆಯಾ ಕೆಂಚಣ್ಣ?"

"ಇದ್ದೆ ಅಜ್ಜಿ. ನನ್ನ ಹೊಲಗಳನ್ನ ನೋಡ್ಕೊಳ್ಳಪ್ಪ ಅಂದ."

ಸಿದ್ದವ್ವ ಇನ್ನೇನೂ ಕೇಳಲಿಲ್ಲ. ಅವರು ಒಬ್ಬರೇ ಇರಲಿಲ್ಲವಲ್ಲ ಎಂಬುದೇ ಅವಳಿಗೆ ಸಾಕಾಗಿತ್ತು.

ಎಲ್ಲರೂ ಸೇರಿ ಬಿದಿರು ಕಡಿದರು. ಹಂದಿಗಳು ಕೊಳವೆ ಇಡಲು ಕಾಲುವೆ ತೋಡಿದವು, ಮೊಲಗಳು ಮೇಣ ಮೆತ್ತಿದವು. ಪ್ರತಿ ಬೆಳೆಯಲ್ಲೂ ಮೊದಲು ಕಿತ್ತ ಕಾಯಿ ಕೊಳವೆಯ ಪಾಲು, ಅದನ್ನು ಬಂಡೆಯ ಬಳಿ ತಂದು ಸುರಿಯಬೇಕು ಎಂದು ಕೆಂಚಣ್ಣ ಹೇಳಿದ. ಎಲ್ಲರೂ ಒಪ್ಪಿದರು. ಕೆಲಸ ಮುಗಿದು ಎಲ್ಲರೂ ಇಳಿದುಹೋದ ಮೇಲೆ ಅವನು ಕೊಳವೆಯ ಬಾಯಲ್ಲಿ ಒಂದು ತೊಗಲಿನ ತುಂಡನ್ನು ಕಟ್ಟಿದ. ಮೇಲಿನಿಂದ ಮಾತಾಡಿದರೆ ಅದು ಸರಿದು ದಾರಿ ಬಿಡುತ್ತಿತ್ತು. ಕೆಳಗಿನಿಂದ ಮಾತು ಬಂದರೆ ಬಾಯಿಗೆ ಒತ್ತಿಕೊಂಡು ಮುಚ್ಚುತ್ತಿತ್ತು.

ಮಳೆ ಬಂತು. ಚೆನ್ನಾಗಿ ಬಂತು, ನಿಂತಿತು. ಒಂದು ಬೆಳಿಗ್ಗೆ ಸಿದ್ದವ್ವನ ಹೊಲದ ಬುರುಡೆ ಗುಂಯ್‌ಗುಟ್ಟಿ ಮಾತಾಡಿತು.

"ಎಲ್ಲರೂ ಕೇಳಿ. ಭರಮಜ್ಜನ ಮಾತು ಇದು. ಇವತ್ತೇ ಶೇಂಗಾ ಬಿತ್ತಿ!"

ಸಿದ್ದವ್ವ ಬೆಚ್ಚಿದಳು. ಅಷ್ಟು ದೂರ ಬಿದಿರಿನೊಳಗೆ ಹರಿದು ಬಂದ ದನಿ ದಪ್ಪಗಾಗಿತ್ತು, ನಿಧಾನವಾಗಿತ್ತು. ನರಿಯ ದನಿಯಂತೆ ಇರಲೇ ಇಲ್ಲ. ಮುದಿ ಆಮೆಯೊಂದು ಚಿಪ್ಪಿನೊಳಗಿನಿಂದ ಮಾತಾಡಿದ ಹಾಗಿತ್ತು.

ಅವಳು ಹೊಲಕ್ಕೆ ಕಾಲಿಟ್ಟಳು. ಕಾಲು ಹೂತಿತು. ತಿರುಗಿ ಬಂದು ಬುರುಡೆಗೆ ಬಾಯಿಟ್ಟು ಹೇಳಿದಳು: "ನಮ್ಮದು ತಗ್ಗಿನ ಹೊಲ. ಇನ್ನೂ ನೀರು ನಿಂತಿದೆ. ಬಿತ್ತಬಹುದಾ?"

ಬುರುಡೆ ಸುಮ್ಮನಿತ್ತು. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಅದೇ ಮಾತು ಬಂತು. "ಭರಮಜ್ಜನ ಮಾತು ಇದು. ಇವತ್ತೇ ಬಿತ್ತಿ!"

ಬೇರೆ ಯಾರ ಹೆಸರು ಹೇಳಿದ್ದರೂ ಅವಳು ತಡೆಯುತ್ತಿದ್ದಳು. ಆ ಹೆಸರು, ಆ ದನಿ. ಅವಳು ಗಡಿಗೆಯ ಎಲೆ ಬಿಚ್ಚಿದಳು. ದುಗ್ಗಪ್ಪನಿಗೆ ಅವನ ಪಾಲು ಕೊಟ್ಟಳು. ತಾನೂ ಬಿತ್ತಿದಳು. ಅರ್ಧ ಗಡಿಗೆ ಬರಿದಾದಾಗ ಯಾಕೋ ಕೈ ಬರಲಿಲ್ಲ. ಉಳಿದ ಅರ್ಧಕ್ಕೆ ಮತ್ತೆ ಎಲೆ ಕಟ್ಟಿದಳು.

ದಿನಗಳು ಕಳೆದವು. ಮೊಳಕೆ ಬರಲಿಲ್ಲ. ಸಿದ್ದವ್ವ ಒಂದು ಕಡೆ ಕೆದಕಿ ನೋಡಿದಳು. ಬೀಜ ಕೊಳೆತು ಮೆತ್ತಗಾಗಿತ್ತು. ಇನ್ನೊಂದು ಕಡೆ ಕೆದಕಿದಳು. ಅಲ್ಲೂ ಅದೇ ವಾಸನೆ. ಅಷ್ಟರಲ್ಲಿ ದುಗ್ಗಪ್ಪ ಮೂತಿಗೆ ಮಣ್ಣು ಮೆತ್ತಿಕೊಂಡು ಬಂದ.

"ಅಜ್ಜೀ, ನಮ್ಮದೂ ಹೋಯ್ತು. ಬುರುಡೆ ಏನಂತು ಗೊತ್ತಾ? ಬೆಳೆ ಬರದವರದ್ದು ಕೈ ಸರಿಯಿಲ್ಲವಂತೆ! ನನ್ನ ಕೈಯಂತೆ!"

"ನೀನೇನಾದರೂ ಕೇಳಿದೆಯಾ ದುಗ್ಗಪ್ಪ?"

"ಕೇಳದೆ ಇರ್ತೀನಾ? ಗಂಟಲು ಹರಿಯೋ ಹಾಗೆ ಕೇಳಿದೆ. ಗೋಡೆ ಜೊತೆ ಮಾತಾಡಿದ ಹಾಗಾಯ್ತು."

ಸಿದ್ದವ್ವ ಬುರುಡೆಯನ್ನು ನೋಡುತ್ತ ನಿಂತಳು. ನಂತರ, "ನಾನು ಮೇಲೆ ಹೋಗಿ ಕೇಳಿ ಬರ್ತೀನಿ" ಎಂದಳು.

"ಅಲ್ಲಿಗಾ? ನೀನಾ?" ದುಗ್ಗಪ್ಪ ಗುಡ್ಡವನ್ನೊಮ್ಮೆ, ಅವಳ ಕಾಲುಗಳನ್ನೊಮ್ಮೆ ನೋಡಿದ. "ಬೆಳೆ ಬರೋದೇ ಬೇಗ ಅಜ್ಜಿ!"

"ಅವರು ಹೋಗ್ತಿರಲಿಲ್ವಾ?" ಎಂದು ಅವಳು ಹೊರಟಳು.

ಗುಡ್ಡ ಹತ್ತುತ್ತ ಸಿದ್ದವ್ವ ತಿಮ್ಮಕ್ಕನ ಹೊಲ ದಾಟಬೇಕಿತ್ತು. ಅಲ್ಲಿ ಶೇಂಗಾ ಗಿಡಗಳು ಮೊಳಕಾಲೆತ್ತರ ಬಂದು ಹಳದಿ ಹೂ ಬಿಟ್ಟಿದ್ದವು. ತಿಮ್ಮಕ್ಕ ಕಳೆ ಕೀಳುತ್ತಿದ್ದಳು.

"ಬಾ ಅಜ್ಜಿ, ನೋಡು! ಬುರುಡೆ ಹೇಳಿದ ದಿನವೇ ಬಿತ್ತಿದ್ದು. ಕೆಳಗಿನವರು ಸುಮ್ಮನೆ ಬೈಕೊಂಡು ತಿರುಗ್ತಾರೆ. ಅದು ಹೇಳಿದ್ದು ಸುಳ್ಳಾ?"

"ನಿನ್ನ ಹೊಲಕ್ಕೆ ಸುಳ್ಳಲ್ಲ ತಿಮ್ಮಕ್ಕ."

"ಮತ್ತೆ?"

"ಒಂದು ಹಿಡಿ ಮಣ್ಣು ತಗೊಂಡು ಉಂಡೆ ಕಟ್ಟಿ ಬಿಡು."

ತಿಮ್ಮಕ್ಕ ಬಿಟ್ಟಳು. ಉಂಡೆ ಪುಡಿಯಾಯಿತು. ಸಿದ್ದವ್ವ ತನ್ನ ಚಿಪ್ಪಿನ ಅಂಚಿಗೆ ಅಂಟಿದ್ದ ಕಪ್ಪು ಮಣ್ಣನ್ನು ಕೆರೆದು ಕೊಟ್ಟಳು. ಅಷ್ಟು ದೂರ ನಡೆದು ಬಂದರೂ ಅದು ಇನ್ನೂ ಮೆತ್ತಗಿತ್ತು. ಆ ಉಂಡೆ ಬಿದ್ದಲ್ಲೇ ಅಂಟಿ ಕೂತಿತು. ತಿಮ್ಮಕ್ಕ ಅದನ್ನೇ ನೋಡಿದಳು.

ಬಂಡೆಯ ಬಳಿ ಕೆಂಚಣ್ಣ ಬಿಸಿಲಿಗೆ ಹೊಟ್ಟೆ ಮೇಲೆ ಮಾಡಿ ಮಲಗಿದ್ದ. ಸಿದ್ದವ್ವ ಮೊದಲು ಗಂಡನ ಸಮಾಧಿಯ ಕಲ್ಲಿನ ಬಳಿ ಸ್ವಲ್ಪ ಹೊತ್ತು ನಿಂತಳು. ಆಮೇಲೆ ಕೊಳವೆಯ ಬಾಯಿಗೆ ಬಂದಳು. ತೊಗಲಿನ ತುಂಡು ಕಂಡಿತು.

"ಇದೇನು ಕೆಂಚಣ್ಣ?"

ನರಿ ದಡಬಡಿಸಿ ಎದ್ದ. "ಓ ಅಜ್ಜಿ! ಅದಾ? ಧೂಳು ಹೋಗದಿರಲಿ ಅಂತ."

ಸಿದ್ದವ್ವ ಅದನ್ನು ಮೂತಿಯಿಂದ ಒಳಗೆ ತಳ್ಳಿದಳು. ಅದು ಸರಿಯಿತು. ಹೊರಗೆ ಎಳೆದಳು. ಅದು ಮುಚ್ಚಿಕೊಂಡಿತು. "ನಾವು ಕೆಳಗಿನಿಂದ ಕೇಳಿದ್ದು ನಿನಗೆ ಕೇಳಿಸಿಲ್ಲ."

"ಎಲ್ಲರೂ ಒಟ್ಟಿಗೆ ಅರಚಿಕೊಂಡರೆ ಹೇಗಜ್ಜಿ? ಸಂತೆ ಆಗುತ್ತೆ. ಹೇಳೋನು ಒಬ್ಬ, ಕೇಳೋರು ನೂರು ಜನ, ಹಾಗಿದ್ದರೆ ಚೆಂದ. ಭರಮಜ್ಜ ನನಗೆ ಹೇಳಿದ್ದೂ ಹಾಗೇ."

"ಅವರು ನಿನಗೆ ಹೇಳಿಕೊಡೋ ಮೊದಲು ಏನು ಕೇಳಿದರು?"

"ಕೇಳೋದೇನು?" ಕೆಂಚಣ್ಣ ಎದೆ ಉಬ್ಬಿಸಿದ. "ನನ್ನನ್ನ ನೋಡಿದ, ಒಂದೇ ಉಸಿರಿಗೆ ಎಲ್ಲ ಹೇಳಿದ, ಮುಗೀತು."

ಸಿದ್ದವ್ವ ಸಮಾಧಿಯ ಕಲ್ಲಿನ ಕಡೆಗೊಮ್ಮೆ ನೋಡಿದಳು.

"ನಾನು ಅವರ ಜೊತೆ ಬಾಳಿದ್ದೀನಿ" ಎಂದಳು. "ಕಲ್ಲಿನ ಮೇಲೆ ಕೂರೋಕೂ ಆ ಕಲ್ಲನ್ನ ಕೇಳಿ ಕೂರೋ ಜೀವ ಅದು. ಒಂದು ದಿನವೂ ಕೇಳದೆ ಹೇಳಿದವರಲ್ಲ. ನೀನು ಅವರ ಪಕ್ಕ ಇರಲಿಲ್ಲ ಕೆಂಚಣ್ಣ."

ನರಿ ಮುಖ ಬೇರೆ ಕಡೆ ತಿರುಗಿಸಿದ.

"ಹಾಗಾದರೆ ಅವರು ಒಬ್ಬರೇ ಇದ್ದರು" ಎಂದು ಸಿದ್ದವ್ವ ತನಗೇ ಹೇಳಿಕೊಂಡಳು. ನಂತರ ಮುಖ ಎತ್ತಿದಳು. "ಆ ತೊಗಲು ತೆಗೆದುಬಿಡು. ನಮಗಷ್ಟೇ ಅಲ್ಲ, ನಿನಗೂ ಒಳ್ಳೇದು. ಯಾವತ್ತೋ ಒಂದು ದಿನ ನಾವು ಹೇಳೋದು ನಿನಗೆ ಬೇಕಾಗಬಹುದು."

"ಕೆಳಗಿನವರ ಮಾತು ನನಗೆ ಯಾಕೆ ಬೇಕಜ್ಜಿ?" ಎಂದು ಕೆಂಚಣ್ಣ ನಕ್ಕ.

ಅವಳು ಬಂದ ದಾರಿಯಲ್ಲೇ ಇಳಿದಳು. ಹೊಲ ಸೇರುವ ಹೊತ್ತಿಗೆ ನೆಲದ ನೀರು ಇಂಗಿತ್ತು. ಉಂಡೆ ಕಟ್ಟಿ ಬಿಟ್ಟಳು. ಒಡೆಯಿತು. ಉಳಿದಿದ್ದ ಅರ್ಧ ಗಡಿಗೆ ಬೀಜವನ್ನು ದುಗ್ಗಪ್ಪನ ಜೊತೆ ಹಂಚಿಕೊಂಡು ಬಿತ್ತಿದಳು. ಗಡಿಗೆಯಲ್ಲಿ ಒಂದು ಕಾಯಿಯೂ ಉಳಿಯಲಿಲ್ಲ. ಬುರುಡೆ ಆಗಾಗ ಭರಮಜ್ಜನ ಹೆಸರು ಹೇಳಿ ಕೂಗುತ್ತಿತ್ತು. ಅವಳಿಗೆ ಈಗ ಅದರಲ್ಲಿ ನರಿಯ ದನಿಯೇ ಕೇಳಿಸುತ್ತಿತ್ತು. ಬೆಳಿಗ್ಗೆ ಎದ್ದ ಕೂಡಲೇ ಹೊಲದ ಸಾಲುಗಳನ್ನು ನೋಡುವುದು ಅವಳ ಕೆಲಸವಾಯಿತು. ಒಂದು ಬೆಳಿಗ್ಗೆ ಮಣ್ಣು ಸೀಳಿ ಹಸಿರು ಇಣುಕಿತ್ತು.

ಮೇಲಿನ ಹೊಲಗಳಲ್ಲಿ ಬೆಳೆ ಮೊದಲು ಬಲಿಯಿತು. ಮೊಲಗಳು ಕೊಳವೆಯ ಪಾಲನ್ನು ಹೊತ್ತು ತಂದು ಬಂಡೆಯ ಬಳಿ ಸುರಿದವು. ಕೆಂಚಣ್ಣ ಆ ರಾಶಿಯ ಮೇಲೇ ಕೂತು ಹಗಲಿಡೀ ಸುಲಿದು ತಿಂದ. ಹಸಿ ಶೇಂಗಾದ ವಾಸನೆ ಗಾಳಿಯಲ್ಲಿ ದೂರ ದೂರಕ್ಕೆ ಹೋಯಿತು.

ಒಂದು ಸಂಜೆ ಹಳ್ಳದ ಆಚೆಯಿಂದ ಆನೆಗಳ ಹಿಂಡು ಬಂತು. ಬೇರೆ ಕಾಡಿನ ಆನೆಗಳು. ಅವು ಸೊಂಡಿಲೆತ್ತಿ ಗಾಳಿಯನ್ನು ಮೂಸಿದವು. ಸಿದ್ದವ್ವನ ಹೊಲದ ಎಳೆಯ ಗಿಡಗಳಲ್ಲಿ ಇನ್ನೂ ಕಾಯಿ ಇರಲಿಲ್ಲ. ಆನೆಗಳು ಅತ್ತ ನೋಡಲೂ ಇಲ್ಲ. ನೇರವಾಗಿ ಬಂಡೆಯ ದಾರಿ ಹಿಡಿದವು.

ಸಿದ್ದವ್ವ ಬುರುಡೆಯ ಹತ್ತಿರ ಹೋದಳು. "ಕೆಂಚಣ್ಣಾ! ಆನೆ ಬರ್ತಿವೆ! ರಾಶಿ ಬಿಟ್ಟು ಓಡು!"

ದುಗ್ಗಪ್ಪ ಓಡಿ ಬಂದ. "ಯಾರಿಗೆ ಹೇಳ್ತಿದ್ದೀಯ ಅಜ್ಜಿ? ಅವನಿಗಾ? ಅದಕ್ಕೆ ತೊಗಲು ಕಟ್ಟಿದೆ ಅಂತ ನೀನೇ ನೋಡಿ ಬಂದೆಯಲ್ಲ!"

"ತೆಗೆದಿರಬಹುದು. ತೆಗೆ ಅಂತ ಹೇಳಿ ಬಂದಿದ್ದೆ. ನೀನೂ ಕೂಗು. ನಿನ್ನ ಗಂಟಲು ದೊಡ್ಡದು."

ದುಗ್ಗಪ್ಪ ಗೊಣಗಿದ, ಆದರೂ ಕೂಗಿದ. ಅವನ ಕೂಗು ಕೇಳಿ ಅಕ್ಕಪಕ್ಕದ ಹೊಲದವರೂ ತಮ್ಮ ತಮ್ಮ ಬುರುಡೆಗೆ ಬಾಯಿಟ್ಟು ಕೂಗಿದರು. ಅಷ್ಟರಲ್ಲಿ ಬುರುಡೆಗಳೇ ಮಾತಾಡಿದವು.

"ಎಲ್ಲರೂ ಕೇಳಿ. ಭರಮಜ್ಜನ ಮಾತು ಇದು. ಕಾಡಿನಲ್ಲಿ ಯಾವ ಭಯವೂ ಇಲ್ಲ. ಪಾಲು ತಂದು ಸುರೀರಿ. ಒಣಗಿದ್ದು ಬೇಡ, ಹಸೀದೇ... ಅದೇನು ನೆಲ ನಡುಗ್ತಿದೆ? ಯಾರದು? ಅಯ್ಯೋ! ಅಯ್ಯಯ್ಯೋ!"

ಆಮೇಲೆ ಬಿದಿರಿನೊಳಗಿನಿಂದ ಕರಕರ ಜಗಿಯುವ ಸದ್ದು ಬಂತು. ಒಂದು ಘೀಳು ಬಂತು. ನರಿಯ ನಿಜವಾದ ದನಿ ಬಂತು, ಬಿದಿರೂ ದಪ್ಪಗಾಗಿಸಲಾರದಷ್ಟು ಸಣ್ಣಗೆ, ಚೂಪಾಗಿ.

"ಕಾಪಾಡಿ! ಬಂಡೆಗೆ ಬೆನ್ನು ಕೊಟ್ಟು ಸಿಕ್ಕಿಕೊಂಡಿದ್ದೀನಿ! ಎಲ್ಲಿ ನುಗ್ಗಲಿ? ಯಾರಾದರೂ ಹೇಳಿ!"

"ಎಡಗಡೆ ಬಾರೋ!" ತಿಮ್ಮಕ್ಕ ತನ್ನ ಹೊಲದ ಬುರುಡೆಗೆ ಬಾಯಿಟ್ಟು ಕಿರುಚಿದಳು. ಅವಳ ಹೊಲದಿಂದ ಬಂಡೆ ಚೆನ್ನಾಗಿ ಕಾಣುತ್ತಿತ್ತು. "ಎಡಗಡೆ ಬಂಡೆಯ ಬಿರುಕಿದೆ! ಅಲ್ಲಿ ಆನೆ ಇಲ್ಲ!"

"ಹೇಳಿ, ದಮ್ಮಯ್ಯ! ಒಬ್ಬರಾದರೂ ಮಾತಾಡಿ!"

"ಎಡಗಡೆ!" ಎಂದು ಕಾಡಿಗೆ ಕಾಡೇ ಕೂಗಿತು. ಕೊಳವೆಯ ಬಾಯಲ್ಲಿ ತೊಗಲು ಬಿಗಿಯಾಗಿ ಮುಚ್ಚಿಕೊಂಡಿತ್ತು. ನೂರು ಗಂಟಲುಗಳ ಮಾತು ಅದಕ್ಕೆ ತಾಗಿ ಅಲ್ಲೇ ಸತ್ತಿತು. ಆನೆಗಳ ಘೀಳಿನ ನಡುವೆ ಹೊರಗಿನ ಕೂಗೂ ಅವನಿಗೆ ಕೇಳಿಸಲಿಲ್ಲ.

ಕೆಂಚಣ್ಣ ಬಲಗಡೆಗೆ ನುಗ್ಗಿದ. ಅಲ್ಲಿ ಮುದಿ ಸಲಗವೊಂದು ನಿಂತಿತ್ತು. ಅದು ಕಾಲಿಟ್ಟಾಗ ಅದರಡಿ ನರಿಯ ಬಾಲ ಸಿಕ್ಕಿತು. ಅವನು ಹೇಗೋ ಕಿತ್ತುಕೊಂಡು ಓಡಿದ, ಬಾಲದ ಅರ್ಧ ಅಲ್ಲೇ ಉಳಿಯಿತು. ಆ ಕಾಡಿನಲ್ಲಿ ಅವನನ್ನು ಮತ್ತೆ ಯಾರೂ ಕಾಣಲಿಲ್ಲ. ಕಷ್ಟದಲ್ಲಿ ಕೂಗಿದಾಗ ಒಬ್ಬರೂ ಓಗೊಡಲಿಲ್ಲ, ಎಂಥ ಕಲ್ಲೆದೆಯ ಕಾಡು ಅದು ಎಂದು ಅವನು ಈಗಲೂ ಇನ್ನೆಲ್ಲೋ ಹೇಳಿಕೊಂಡು ತಿರುಗುತ್ತಾನಂತೆ.

ಆನೆಗಳು ರಾಶಿ ಮುಗಿಸಿ, ಬಾಯಿ ರುಚಿಗೆ ಒಂದಷ್ಟು ಬಿದಿರನ್ನೂ ಮುರಿದು ತಿಂದು ಹೋದವು. ಮಾರನೇ ದಿನ ಪ್ರಾಣಿಗಳೆಲ್ಲ ಮುರಿದ ಕೊಳವೆಯ ಸುತ್ತ ಸೇರಿದವು.

"ಉಳಿದದ್ದನ್ನೂ ಕಿತ್ತು ಹಳ್ಳಕ್ಕೆ ಎಸೆಯೋಣ" ಎಂದ ದುಗ್ಗಪ್ಪ. "ಕೊಳವೆ ಕಟ್ಟಿದ್ದಕ್ಕೇ ಬೀಜ ಕೊಳೆತದ್ದು."

ಸಿದ್ದವ್ವ ತಲೆಯಾಡಿಸಿದಳು. "ಬೇಡಪ್ಪ. ನಿನ್ನ ಹೊಲಕ್ಕೆ ಹುಳ ಬಿದ್ದ ವರ್ಷ ನೆನಪಿದೆಯಾ? ಅವತ್ತು ಈ ಕೊಳವೆ ಇದ್ದಿದ್ದರೆ ಅವರು ಹಾಗೆ ತಲೆ ತಗ್ಗಿಸಿ ಕೂರಬೇಕಾಗಿರಲಿಲ್ಲ. ಕೊಳವೆ ಇರಲಿ. ತೊಗಲು ಮಾತ್ರ ಬೇಡ."

"ಎಲ್ಲರೂ ಒಟ್ಟಿಗೆ ಮಾತಾಡಿದರೆ?" ತಿಮ್ಮಕ್ಕ ಕೇಳಿದಳು.

"ಮೇಲೆ ಕೂತವರು ಒಬ್ಬೊಬ್ಬರನ್ನೇ ಹೆಸರು ಹಿಡಿದು ಕರೀಲಿ. ಕರೆದವರು ಮಾತಾಡಲಿ. ಅವರು ಮುಗಿಸೋ ತನಕ ಮೇಲಿನವರು ಬಾಯಿ ಮುಚ್ಚಿಕೊಂಡಿರಲಿ."

"ಅಷ್ಟು ಹೊತ್ತು ನನ್ನ ಕೈಲಿ ಆಗುತ್ತಾ ಅಜ್ಜಿ?"

"ನಿನಗೇ ಮೊದಲ ಸರದಿ ತಿಮ್ಮಕ್ಕ" ಎಂದಳು ಸಿದ್ದವ್ವ. ಎಲ್ಲರೂ ನಕ್ಕರು. ತಿಮ್ಮಕ್ಕನೂ ನಕ್ಕಳು.

ಹೊಸ ಬಿದಿರು ಕಡಿದು ಜೋಡಿಸಿದರು. ಆ ವರ್ಷ ಕೆಳಗಿನ ಬೆಳೆ ತಡವಾಗಿ ಬಂದರೂ ಗಟ್ಟಿಯಾಗಿ ಬಂತು. ಸಿದ್ದವ್ವ ಒಂದೊಂದು ಕಾಯನ್ನೂ ಕಿವಿಯ ಹತ್ತಿರ ಅಲ್ಲಾಡಿಸಿ ಆರಿಸಿದಳು. ಗಡಿಗೆ ಮತ್ತೆ ತುಂಬಿತು.

ಮುಂದಿನ ಮಳೆಗಾಲ ಬಂತು. ಮಳೆ ನಿಂತ ಒಂದು ಬೆಳಿಗ್ಗೆ ಸಿದ್ದವ್ವನ ಹೊಲದ ಬುರುಡೆ ಗುಂಯ್‌ಗುಟ್ಟಿತು. ಬಂದದ್ದು ತಿಮ್ಮಕ್ಕನ ದನಿ. ಬಿದಿರಿನೊಳಗೆ ಹರಿದು ಬಂದು ಅದೂ ದಪ್ಪಗಾಗಿತ್ತು, ನಿಧಾನವಾಗಿತ್ತು.

"ಸಿದ್ದವ್ವಜ್ಜೀ, ಹೊಲ ಹೇಗಿದೆ? ಮೊದಲು ನೀನು ಹೇಳು."

ಆಮೇಲೆ ಬುರುಡೆ ಸುಮ್ಮನಾಯಿತು. ಆದರೆ ಈ ಮೌನ ಬೇರೆಯಾಗಿತ್ತು. ಅದರ ಆ ತುದಿಯಲ್ಲಿ ಯಾರೋ ಕಾಯುತ್ತಿದ್ದರು.

ಸಿದ್ದವ್ವ ಬದುವಿಗೆ ಹೋದಳು. ಹುಲ್ಲು ಬೆಳೆದಿದ್ದ ಆ ಜಾಗದಲ್ಲಿ ಮೊದಲ ಸಲ ಕೂತಳು. ಒಂದು ಹಿಡಿ ಮಣ್ಣು ತೆಗೆದು ಉಂಡೆ ಕಟ್ಟಿ ಕೆಳಗೆ ಬಿಟ್ಟಳು. ಉಂಡೆ ಒಡೆಯದೆ ಕೂತಿತು. ಅವಳು ಬುರುಡೆಯ ಕಡೆಗೆ ಬಾಗಿದಳು.

"ಇನ್ನೂ ಹಸಿ ಇದೆ ತಿಮ್ಮಕ್ಕ" ಎಂದಳು. "ಕಾಯ್ತೀನಿ."

ನೀತಿ: ಹೇಳುವ ಬಾಯಿಗೆ ಕೇಳುವ ಕಿವಿಯೂ ಇದ್ದರೆ ಮಾತ್ರ ಬುದ್ಧಿಮಾತು ಫಲ ಕೊಡುತ್ತದೆ, ಬೇರೆಯವರ ಮಾತಿಗೆ ಕಿವಿ ಮುಚ್ಚಿಕೊಂಡವನಿಗೆ ತನ್ನ ಕಷ್ಟದ ದಿನ ಅವರ ನೆರವೂ ಕೇಳಿಸುವುದಿಲ್ಲ.